ತುಳಸೀಬಾಯಿಯ ಸವತಿ

ಭೀಮಾ ನದಿಯ ದಂಡೆಯ ಅಗರಖೇಡದಲ್ಲಿ ತುಳಸೀಬಾಯಿಗೊಬ್ಬಳು ಸವತಿ ಇದ್ದಳು. ಗಂಡ ಪಂಢರಿನಾಥರದೇನೂ ತಪ್ಪಿಲ್ಲ, ಪಾಪ. ಸವತಿ ಎಂದರೆ ಒಂದು ಹೆಣ್ಣು ಮಂಗ. ಉದ್ದ ಬಾಲ, ನೆತ್ತಿಯ ಮೇಲೆ ಕೂದಲಿನದೇ ಟೊಪ್ಪಿಗೆ, ಅದರ ನಡುವೆ ತೀಡಿ ಬಾಚಿದಂಥ ಬೈತಲೆ. ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಬೆನ್ನು ತಿರುಗಿಸಿದರೆ ಸಾಕು, ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಬಳಗದ ಸಮೇತ ಹಾಜರು. ರಸ್ತೆ ಅಗಲ ಮಾಡಲು ಸಾಲು ಆಲದ ಮರ ಕಡಿದ ಮೇಲಂತೂ ಕಾಟ ವಿಪರೀತವಾಗಿತ್ತು.

ಈ ಬೇಸಿಗೆಯಲ್ಲಿ ಒಂದು ಸಂಡಿಗೆಯೂ ಡಬ್ಬಿ ಸೇರಲಿಲ್ಲ. ಹೆಂಡತಿಯ ಬೈಗುಳ ಕೇಳಿ ತಲೆ ಚಿಟ್ಟು ಹಿಡಿದು ಪಂಢರಿನಾಥರು ಮಂಗ ಹಿಡಿಯುವ ಕಾಂತುವನ್ನು ಕರೆಸಿದರು. ಅವನು ಮಂಚದಷ್ಟು ದೊಡ್ಡ ಜಾಳಿಗೆಯ ಪಂಜರವನ್ನು ಮಾಳಿಗೆಗೆ ಏರಿಸಿ, ಒಳಗೆ ಶೇಂಗಾ ಚೆಲ್ಲಿದ. ಮೊದಲು ಸಿಕ್ಕಿಬಿದ್ದವಳು ಸವತಿಯೇ. ಮರಿ ಹೊರಗುಳಿದು ಜಾಳಿಗೆಗೆ ಜೋತುಬಿದ್ದು ಚೀರತೊಡಗಿತು.

ತುಳಸೀಬಾಯಿ ಕುಣಿದಾಡಬೇಕಿತ್ತು. ಆದರೆ ಆ ಕಡೆ ನೋಡಲಾಗಲಿಲ್ಲ. ಕಾಂತುವಿಗೆ ಚಹಾ ಕೊಟ್ಟು, ಇವನ್ನೆಲ್ಲ ಎಲ್ಲಿ ಬಿಡುತ್ತೀ ಎಂದು ಕೇಳಿದಳು.

"ಹೊಳಿ ಆಚಿ ದಂಡಿಗೆ ಬಿಡ್ತೇನ್ರಿ ಬಾಯಾರ," ಎಂದ ಕಾಂತು. "ಬರೂ ಮುಂದ ಗಾಡಿ ಖಾಲಿ ಯಾಕ ತರೂದಂತ, ಅಲ್ಲೀವು ಹಿಡದು ತಂದು ಇಲ್ಲಿ ಬಿಡ್ತೇನಿ."

ಅಲ್ಲಿಯವು ಎಂದರೆ ಈಚೆಗೆ ಊರ ಬಸ್ ಸ್ಟ್ಯಾಂಡಿನಲ್ಲಿ ಹೊಸದಾಗಿ ಕಾಣಿಸಿಕೊಂಡಿದ್ದ ಗಿಡ್ಡ ಬಾಲದ, ಟೊಪ್ಪಿಗೆಯಿಲ್ಲದ ಮಂಗಗಳು. ರಜೆಗೆ ಬಂದಿದ್ದ ಮೊಮ್ಮಗಳು ಸುಮೇಧಾ, ಇಂಡಿ ಪಟ್ಟಣದಲ್ಲಿ ವಿಜ್ಞಾನದ ಟೀಚರು, ಅಜ್ಜಿಗೆ ಬಿಡಿಸಿ ಹೇಳಿದಳು. ಟೊಪ್ಪಿಗೆಯ ಜಾತಿ ಇರುವುದೇ ನಮ್ಮ ದಕ್ಷಿಣದಲ್ಲಿ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮರ ಹೋದವು, ರಸ್ತೆಗಿಳಿದವು ಗಾಡಿಗೆ ಸಿಕ್ಕವು, ಉಳಿದವನ್ನು ಜನ ಹೀಗೆ ಅತ್ತಿತ್ತ ಸಾಗಿಸುತ್ತಾರೆ. ಗಿಡ್ಡ ಬಾಲದವು ಬೀಡುಬಿಟ್ಟಲ್ಲಿ ಇವು ಕಾಣದಾಗುತ್ತವೆ.

"ಕಾಟ ಎಲ್ಲೂ ಹೋಗೂದಿಲ್ಲ ಅಜ್ಜಿ," ಎಂದಳು ಸುಮೇಧಾ. "ಇವಷ್ಟ ಹೋಗ್ತಾವ. ಮತ್ತ ಬರೂದಿಲ್ಲ."

ಈ ಕಳ್ಳಿಯ ತಾಯಿಯನ್ನೂ ತುಳಸೀಬಾಯಿ ಇದೇ ಮಾಳಿಗೆಯಿಂದ ಕೋಲು ಹಿಡಿದು ಅಟ್ಟಿದ್ದಳು. ಸರಸರನೆ ಹೋಗಿ ಪಂಜರದ ಬಾಗಿಲೆತ್ತಿದಳು. ಸವತಿ ಹಾರಿ ಮರಿಯನ್ನು ಬಾಚಿಕೊಂಡು ಗೋಡೆಯೇರಿ, ಬಿಡಿಸಿದವಳಿಗೇ ಹಲ್ಲು ಕಿಸಿದಳು.

ನಿನ್ನ ಬೈಗುಳಕ್ಕೇ ಅಲ್ಲವೇ ಇವನನ್ನು ಕರೆಸಿದ್ದು ಎಂದು ಪಂಢರಿನಾಥರು ಹಣೆ ಚಚ್ಚಿಕೊಂಡರು. ಕಾಂತು ಮುಖ ಸಣ್ಣದು ಮಾಡಿ ಪಂಜರ ಎತ್ತಲು ಬಗ್ಗಿದ.

"ಪಂಜರ ಇಲ್ಲೇ ಇರ್ಲಿ," ಎಂದಳು ತುಳಸೀಬಾಯಿ. "ನನಗ ಬೇಕದ."

ಅದರೊಳಗೆ ಹಳೆಯ ಧೋತರ ಹಾಸಿದಳು, ಸಂಡಿಗೆ ಹಾಕಿದಳು, ಬಾಗಿಲು ಮುಚ್ಚಿದಳು. ಬಳಗವೆಲ್ಲ ಸುತ್ತುಗಟ್ಟಿ ಕೂತು ಜಾಳಿಗೆಗೆ ಬೆರಳು ತುರುಕಿದ್ದೇ ಬಂತು, ಏನೂ ಗಿಟ್ಟಲಿಲ್ಲ. ಪಕ್ಕದ ಮಾಳಿಗೆಯಿಂದ ನೋಡಿದ ವಿದ್ಯಾವತಿ ತನಗೂ ಅಂಥದೊಂದು ಬೇಕೆಂದಳು. ಆಮೇಲೆ ಓಣಿಗೆ ಓಣಿಯೇ ಬೇಕೆಂದಿತು. ಕಾಂತುವಿನ ಗಾಡಿಯಲ್ಲಿ ಈಗ ಬರೀ ಸಂಡಿಗೆಯ ಪಂಜರಗಳು, ಮಂಗಗಳಿಲ್ಲ. ರಸ್ತೆ ಬದಿಗೆ ಸುಮೇಧಾಳ ಸಾಲೆಯ ಮಕ್ಕಳು ಬಂದು ನೆಟ್ಟ ಆಲದ ಟೊಂಗೆಗಳು ಚಿಗುರಿವೆ.

ಸವತಿಯ ಮರಿಯ ನೆತ್ತಿಯಲ್ಲೂ ಟೊಪ್ಪಿಗೆ ಮೂಡಿದೆ. ತುಳಸೀಬಾಯಿ ಈಗ ಅದನ್ನೂ ಬೈಯತೊಡಗಿದ್ದಾಳೆ.