ಒಂಬತ್ತರ ಎಣಿಕೆ

ಪ್ರಬಂಧದ ಕೊನೆಯ ಪುಟಗಳನ್ನು ಸರಿಪಡಿಸುವುದರಲ್ಲಿ ಬನಶಂಕರಿಯನ್ನು ಮೀರಿಸುವವರು ಜಮಖಂಡಿಯ ಆ ಕಾಲೇಜಿನಲ್ಲಿ ಇರಲಿಲ್ಲ. ಯಾವ ಪತ್ರಿಕೆಗೆ ಅಡ್ಡಹೆಸರು ಮೊದಲು ಬರಬೇಕು, ಯಾವುದಕ್ಕೆ ಇಸವಿ ಕಂಸದೊಳಗೆ ಇರಬೇಕು, ಯಾವುದಕ್ಕೆ ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅತಿಥಿ ಉಪನ್ಯಾಸಕಿಯಾದ್ದರಿಂದ ಕಾಯಂ ಮೇಷ್ಟರುಗಳೆಲ್ಲ ತಮ್ಮ ಉಲ್ಲೇಖ ಪಟ್ಟಿಗಳನ್ನು ಅವಳ ಕೈಗೇ ತುರುಕುತ್ತಿದ್ದರು. "ಬನಶಂಕರಿ ಕಡೆ ಕೊಡ್ರಿ, ಆಕಿ ಒಂದು ಚುಕ್ಕಿನೂ ಬಿಡಂಗಿಲ್ಲ" ಎಂದು ಹೊಗಳುತ್ತಿದ್ದರು. ಹೊಗಳಿಕೆಯಲ್ಲೇ ಕೆಲಸ ಮುಗಿಯುತ್ತಿತ್ತು.

ಶನಿವಾರ ಮಧ್ಯಾಹ್ನ ಅಂಜನಾ ಫೋನ್ ಮಾಡಿದಾಗ ಮಾತ್ರ ಅವಳಿಗೆ ಬೇಸರವಾಗಲಿಲ್ಲ. ಅದೇ ಕಾಲೇಜಿನ ಹಿರಿಯ ಉಪನ್ಯಾಸಕಿ, ಮುಧೋಳದವಳು, ಬನಶಂಕರಿಯನ್ನು ಪಿಎಚ್.ಡಿ.ಗೆ ಹಚ್ಚಿದವಳೇ ಅವಳು. ಬನಶಂಕರಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು.

"ಬನೂ, ನಂದೊಂದು ಪೇಪರ್ ಕಳಿಸೇನಿ ನೋಡವಾ. ಹಿಂದಿನ ಪಟ್ಟಿ ಅಷ್ಟ ಸರಿ ಮಾಡು, ಸೋಮವಾರ ಪತ್ರಿಕೆಗೆ ಹೋಗಬೇಕು. ಮುಂದಿಂದು ಓದಾಕ ಹೋಗಬ್ಯಾಡ, ನಿನಗರ ಪುರುಸೊತ್ತ ಎಲ್ಲೈತಿ?"

"ಆತ್ರಿ ಅಕ್ಕಾ, ಇವತ್ತಽ ಮಾಡಿಬಿಡ್ತೀನಿ."

ಪಟ್ಟಿಯಲ್ಲಿರುವ ಪ್ರತಿ ಹೆಸರೂ ಒಳಗಿನ ಪುಟದಲ್ಲಿ ಎಲ್ಲಿ ಬಂದಿದೆ ಎಂದು ಹುಡುಕಿ ತಾಳೆ ನೋಡದೆ ಈ ಕೆಲಸ ಆಗುವುದಿಲ್ಲ. ಎಂದೂ ತನ್ನ ಪಟ್ಟಿಯನ್ನು ತಾನೇ ಮಾಡದ ಅಂಜನಾಗೆ ಇಷ್ಟು ಗೊತ್ತಿರಲಿಲ್ಲ.

ರಬಕವಿಯ ಮನೆಯ ಪಡಸಾಲೆಯಲ್ಲಿ, ಮಗಳು ಸಿದ್ಧಿಗೆ ಮಗ್ಗಿ ಬರೆಯಲು ಹೇಳಿ, ಬನಶಂಕರಿ ಲ್ಯಾಪ್‌ಟಾಪ್ ತೆರೆದಳು. ಪಟ್ಟಿಯಲ್ಲಿ ಮೂವತ್ತರವರೆಗೆ ಎಲ್ಲ ಸರಾಗ. ಮೂವತ್ತೊಂದನೆಯದು ಹೀಗಿತ್ತು: 'ಹಿರಿಯ ನೇಕಾರ ಮಹಿಳೆ, ರಬಕವಿ. ಸಂದರ್ಶನ: ಲೇಖಕಿ.' ಇದನ್ನು ಎಲ್ಲಿ ಬಳಸಿದ್ದಾಳೆಂದು ಹುಡುಕಿದಳು. ಸಾಲು ಸಿಕ್ಕಿತು.

'ಮಗ್ಗದ ಮೇಲಿನ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಬೂದಿ ಹಚ್ಚಿ ಹೊಸೆದು ಕೂಡಿಸುವಾಗ ರಬಕವಿಯ ಹೆಂಗಸರು ಒಂಬತ್ತೊಂಬತ್ತಾಗಿ ಎಣಿಸುತ್ತಾರೆ. ಇದು ನವಗ್ರಹಗಳ ನಂಬಿಕೆಗೆ ಸಂಬಂಧಿಸಿದ ಪ್ರಾಚೀನ ಪದ್ಧತಿಯಾಗಿರಬಹುದು.'

ಮೊದಲು ನಗು ಬಂತು. ಆಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದಳು.

ರಬಕವಿಯಲ್ಲಿ ಯಾವ ಹೆಂಗಸೂ ಒಂಬತ್ತರ ಲೆಕ್ಕ ಹಿಡಿಯುವುದಿಲ್ಲ. ಬಲಗೈ ಎಳೆ ಹೊಸೆಯುತ್ತಿದ್ದರೆ ಎಡಗೈ ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಗೆಣ್ಣುಗಳ ಮೇಲೆ ಓಡುತ್ತದೆ. ಬೆರಳಿಗೆ ಮೂರರಂತೆ ಹನ್ನೆರಡು. ಒಂಬತ್ತು ಎಣಿಸುವವಳು ಒಬ್ಬಳೇ, ಬನಶಂಕರಿಯ ಅತ್ತೆ ಅನಸವ್ವ. ಅವಳ ಎಡಗೈಯ ಕಿರುಬೆರಳು ಪವರ್‌ಲೂಮಿಗೆ ಸಿಕ್ಕು ಹೋಗಿ ಇಪ್ಪತ್ತು ವರ್ಷ. ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿದ ಮೊದಲ ದಿನ ಬನಶಂಕರಿ ತನ್ನ ನೋಟ್‌ಬುಕ್ಕಿನಲ್ಲಿ 'ಹೆಂಗಸರು ಒಂಬತ್ತೊಂಬತ್ತಾಗಿ ಎಣಿಸುತ್ತಾರೆ' ಎಂದು ಬರೆದುಕೊಂಡಿದ್ದಳು. ಓಣಿಯ ನಾಲ್ಕು ಮನೆ ತಿರುಗಿದ ಮೇಲೆ ತಪ್ಪು ತಿಳಿದು, ಅತ್ತೆ ಸೊಸೆ ಬಿದ್ದು ಬಿದ್ದು ನಕ್ಕಿದ್ದರು. ತಿದ್ದಿದ್ದು ಎರಡನೆಯ ನೋಟ್‌ಬುಕ್ಕಿನಲ್ಲಿ.

ಮೊದಲನೆಯದು ಆಗ ಅಂಜನಾಳ ಹತ್ತಿರ ಇತ್ತು. ಸಿದ್ಧಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ ಅವಳೇ ಬಂದು, "ನೀ ಕೂಸಿನ್ನ ನೋಡ್ಕೊ, ನಾ ಟೈಪ್ ಮಾಡಿಕೊಡ್ತೀನಿ" ಎಂದು ಒಯ್ದಿದ್ದಳು. ಮಂಚದ ಪಕ್ಕ ನಿಂತು ಅಂಜನಾಳ ಕೈ ಹಿಡಿದುಕೊಂಡು ಬನಶಂಕರಿ ಅತ್ತಿದ್ದಳು. ಕೂಸು ಮನೆಗೆ ಬಂದು ಎಷ್ಟೋ ದಿನದ ಮೇಲೆ ಅಂಜನಾ ನೋಟ್‌ಬುಕ್ ತಿರುಗಿ ಕೊಟ್ಟಿದ್ದಳು.

ಈಗ ಮೊದಲ ಪುಟದಿಂದ ಓದಿದಳು. ವಾಕ್ಯಗಳೆಲ್ಲ ತನ್ನವು. ಬೂದಿಯ ವಾಸನೆ ಉಗುರಿನಿಂದ ಹೋಗುವುದಿಲ್ಲ ಎಂದು ಬರೆದುಕೊಂಡಿದ್ದೂ ಇತ್ತು. ಲೇಖಕಿಯ ಜಾಗದಲ್ಲಿ ಒಂದೇ ಹೆಸರು. ಕೃತಜ್ಞತೆಯಲ್ಲಿ ಗಂಡ, ಪ್ರಾಂಶುಪಾಲರು, ಗ್ರಂಥಪಾಲಕರು ಇದ್ದರು, ಬನಶಂಕರಿ ಇರಲಿಲ್ಲ. ಮೂರು ತಿಂಗಳಲ್ಲಿ ಅವಳು ಒಪ್ಪಿಸಬೇಕಾದ ಮಹಾಪ್ರಬಂಧದ ನಡು ಅಧ್ಯಾಯವೇ ಇದು. ಇದು ಮೊದಲು ಅಚ್ಚಾದರೆ ಕೃತಿಚೌರ್ಯ ಹಿಡಿಯುವ ಯಂತ್ರ ಕಳ್ಳಿ ಎಂದು ತೋರಿಸುವುದು ಅವಳನ್ನೇ.

ಫೋನ್ ಹಚ್ಚಿದಳು. "ಅಕ್ಕಾ, ಇದು ನನ್ನ ಅಧ್ಯಾಯ ಅಲ್ರೀ?"

"ಓದಬ್ಯಾಡ ಅಂದಿದ್ನಲ್ಲ. ಹದಿನಾಕು ದಿನ ಕುಂತು ಟೈಪ್ ಮಾಡಿದವರು ಯಾರು? ಸಿದ್ಧಾಂತ ಹಚ್ಚಿದವರು ಯಾರು? ನೇಕಾರರ ಮಾತು ಏನು ನಿನ್ನ ಮನಿ ಆಸ್ತಿಯೇನು?"

"ಒಂಬತ್ತು ಯಾಕಂತ ಅತ್ತೀನ್ನ ಕೇಳಿದ್ರೇನ್ರಿ?"

"ಅದನ್ನೇನ ಕೇಳೋದು? ನೀನಽ ಬರದಿದ್ದಿಯಲ್ಲ!" ತಾನೇನು ಹೇಳಿದೆನೆಂಬುದು ಅಂಜನಾಗೆ ಹೊಳೆಯಲಿಲ್ಲ. ದನಿ ಮೆತ್ತಗೆ ಮಾಡಿದಳು. "ನೋಡು ಬನೂ, ಮುಂದ ನಿನ್ನ ಕಾಯಂ ಮಾಡೋ ಹೊತ್ತಿನ್ಯಾಗ ನಾಕು ಮಾತು ಆಡಾವರು ಬೇಕು. ಪಟ್ಟಿ ಮಾಡಿ ಕಳಸು, ಶಾಣ್ಯಾಕಿ."

ಒಂಬತ್ತು ಏಕೆಂದು ಹೇಳಿಬಿಡುವ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಇಷ್ಟು ವರ್ಷ ಬೇರೆಯವರ ಒಂದು ಚುಕ್ಕಿ ತಪ್ಪಿದರೂ ತಿದ್ದಿದವಳು ಮೊದಲ ಸಲ ಒಂದು ತಪ್ಪನ್ನು ಇದ್ದ ಹಾಗೇ ಬಿಟ್ಟು ಫೋನ್ ಇಟ್ಟಳು.

ಒಳಗೆ ಮಗ್ಗದ ಹತ್ತಿರ ಅನಸವ್ವ ಎಳೆ ಕೂಡಿಸುತ್ತಿದ್ದಳು. ಸೊಸೆಯ ಮುಖ ನೋಡಿ ಕೈ ನಿಲ್ಲಿಸಿದಳು.

"ಯಾಕಬೇ, ಯಾರ ಏನಂದ್ರು?"

ಬನಶಂಕರಿ ಎಲ್ಲ ಹೇಳಿದಳು. ನವಗ್ರಹದ ಮಾತಿಗೆ ಮುದುಕಿ ನಗಬಹುದೆಂದುಕೊಂಡಿದ್ದಳು. ಅನಸವ್ವ ನಗಲಿಲ್ಲ. ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಸಂಕ್ರಾಂತಿಗೆ ಬಂದಿದ್ಲು. ನನ್ನ ಎದುರಿಗಽ ಕುಂತು ನಾಕು ರೊಟ್ಟಿ ತಿಂದ್ಲು. ಅವ್ವಾ ಅವ್ವಾ ಅಂತಿದ್ಲು. ಈ ಕೈ ಕಂಡಿಲ್ಲೇನು ಆಕಿಗೆ?"

ಬನಶಂಕರಿ ತನ್ನ ಪಿಎಚ್.ಡಿ. ಮಾರ್ಗದರ್ಶಕರಿಗೂ ಪತ್ರಿಕೆಯ ಸಂಪಾದಕರಿಗೂ ಪತ್ರ ಬರೆಯಲು ಕುಳಿತಳು. ತಾರೀಕು ಹಾಕಿದ್ದ ಮೊದಲ ನೋಟ್‌ಬುಕ್ಕಿನ ಪುಟಗಳನ್ನು ಜೋಡಿಸಿದಳು. ಅದರಲ್ಲಿದ್ದ ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ತಪ್ಪು ಬರೆದವಳಿಗೆ ಕಾಯಂ ಕೆಲಸ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ನಡುವೆ ಎರಡು ಸಲ ಬಂದು ಬೆರಳು ನಿಲ್ಲಿಸಿತು. ಒಂಬತ್ತಕ್ಕೆ ಕಾರಣ ಬರೆಯುವಲ್ಲಿ ಮತ್ತೆ ತಡೆದಳು. ಮೊದಲ ದಿನವೇ ಅತ್ತೆ, ಹೆಸರು ಬರೆದರೆ ಬಾಯಿ ಬಿಡುವುದಿಲ್ಲ ಎಂದಿದ್ದಳು.

"ಅತ್ತಿ, ನಿಮ್ಮ ಹೆಸರು ಬೇಕಾಗ್ತೈತ್ರಿ."

"ಬರಿ. ಅನಸವ್ವ ಅಂತ ಬರಿ. ಬೆರಳು ಹೋಗಿದ್ದೂ ಬರಿ."

"ಕೈದು ಒಂದು ಫೋಟೋ..."

"ಆಕಿನಽ ಹೊಡಕೊಂಡಿದ್ಲಲ್ಲ, ಸಂಕ್ರಾಂತಿ ದಿನ?"

ಹೌದು. ಬನಶಂಕರಿ ಫೋನಿನಲ್ಲಿ ಹಿಂದೆ ಹಿಂದೆ ಹೋದಳು. ಅಂಜನಾ ಕಳಿಸಿದ್ದ ಚಿತ್ರ ಸಿಕ್ಕಿತು: ಒಲೆಯ ಮುಂದೆ ಅನಸವ್ವ, ಎಡಗೈ ಮೇಲೆ ಅಗಲವಾದ ಜೋಳದ ರೊಟ್ಟಿ, ಅದರ ಕೆಳಗೆ ಹೆಬ್ಬೆರಳು, ಮೂರು ಬೆರಳು ಮತ್ತು ಒಂದು ಮೊಂಡು ಗುರುತು. ಎಲ್ಲ ಸ್ಪಷ್ಟ. ಚಿತ್ರದಡಿ ಅಕ್ಕ 'ನಮ್ಮವ್ವನ ಕೈ' ಎಂದು ಬರೆದಿದ್ದಳು.

ಅನಸವ್ವ ಬಗ್ಗಿ ನೋಡಿದಳು. "ಛಲೋ ಬಂದೈತಿ" ಎಂದಳು. "ರೊಟ್ಟಿದು ಫೋಟೋ ಹೊಡದಾಳ."