ಹಾವಗೆಪ್ಪನವರ ಫ್ರೆಂಚ್ ತಾಮ್ರ

ಹಾವಗೆಪ್ಪನವರು ಮನುಷ್ಯರ ಮುಖಕ್ಕಿಂತ ಮೊದಲು ಅವರ ಮನೆಯ ಪಾತ್ರೆ ನೋಡುತ್ತಾರೆ. ಯಾರ ಮನೆಗೆ ಹೋದರೂ ಚಹಾ ಬರುವಷ್ಟರಲ್ಲಿ ನೀರಿನ ತಂಬಿಗೆಗೆ ಬೆರಳ ಗೆಣ್ಣಿನಿಂದ ಒಂದು ಏಟು ಕೊಟ್ಟು, ತಲೆ ವಾಲಿಸಿ ಅದರ ನಾದ ಕೇಳಿ, ಸಮಾಧಾನವಾದರೆ ಹಿಗ್ಗಿ, ಆಗದಿದ್ದರೆ ಮುಖ ಸಿಂಡರಿಸಿಕೊಂಡು ಕೂರುವುದು ಅವರ ಪದ್ಧತಿ. ಭಾಲ್ಕಿಯ ಬಜಾರಿನಲ್ಲಿ ಅವರದು ಭಾಂಡೆಯ, ಅಂದರೆ ಪಾತ್ರೆಗಳ, ಅಂಗಡಿ. ಬೇಸಿಗೆಯಲ್ಲೂ ಬಿಡದ ತೋಳಿಲ್ಲದ ಕಂದು ಕೋಟು, ಎಡಗಾಲನ್ನು ತುಸು ಎಳೆಯುವ ನಡಿಗೆ, ಮಾತಿಗೊಮ್ಮೆ "ಬರೋಬ್ಬರಿ". ಊರ ಹುಡುಗರೆಲ್ಲ ಅವರನ್ನು ಅಣಕಿಸುತ್ತಾರೆ, ನಾನೂ ಅಣಕಿಸಿದ್ದೇನೆ.

ಮಾರುವುದೆಲ್ಲ ಸ್ಟೀಲು, ಮೋಹವೆಲ್ಲ ತಾಮ್ರದ್ದು. ಗಲ್ಲೆಯ ಹಿಂದಿನ ಗೋಡೆಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ತೂಗುವ ಹಳೆಯ ಪಾತ್ರೆಗಳು ಫ್ರಾನ್ಸಿನವು. ಹೈದರಾಬಾದಿನ ಯಾವುದೋ ಹೋಟೆಲು ಮುಚ್ಚಿದಾಗ ಬೀದರಿನ ಗುಜರಿ ವ್ಯಾಪಾರಿ ಅಬ್ದುಲ ಸಮದ ತಂದುಕೊಟ್ಟವು. ಉದ್ದ ಹಿಡಿ, ದಪ್ಪ ತಳ, ಮೈತುಂಬ ಸುತ್ತಿಗೆಯ ಸಣ್ಣ ಸಣ್ಣ ಗುಳಿ. ಮಾರುವುದಿಲ್ಲ, ಅಡುಗೆಗೆ ಕೊಡುವುದಿಲ್ಲ, ಹುಣಸೆಹಣ್ಣು ಹಚ್ಚಿ ಬೆಳಗಲೂ ಬಿಡುವುದಿಲ್ಲ. "ಯಾವನೋ ಪುಣ್ಯಾತ್ಮ ಕೂತು ಬಡದಾನ್ರಿ. ಅವನ ಕೈಗುರ್ತಿನ ಮ್ಯಾಲ ನಮ್ಮ ಕೈಗುರ್ತು ಯಾಕ?" ಎನ್ನುತ್ತಿದ್ದರು. ಇದ್ದೊಬ್ಬ ಮಗಳು ಈಶ್ವರಿಗೂ ಅವನ್ನು ಮುಟ್ಟುವ ಅಪ್ಪಣೆ ಇರಲಿಲ್ಲ.

ಆ ಮಗಳು ಅಪ್ಪನ ಮಾತು ಮೀರಿ, ತಾನು ಮೆಚ್ಚಿದ ಸುಮಿತನನ್ನು ಮದುವೆಯಾಗಿ ಔರಾದಿಗೆ ಹೋದಳು. ನಮ್ಮ ಕಡೆ ಮದುವೆಯ ಭಾಂಡೆಯ ಮೇಲೆ ಹೆಸರು ಹಾಕಿಸದೆ ಹೆಣ್ಣು ಕಳಿಸುವುದಿಲ್ಲ. ಹೆಸರು ಕೊರೆಯುವ ಕರೆಂಟಿನ ಮಶೀನು ಹಾವಗೆಪ್ಪನವರ ಅಂಗಡಿಯಲ್ಲೇ ಇತ್ತು. ತಾಲ್ಲೂಕಿನ ಅರ್ಧ ಮದುವಣಗಿತ್ತಿಯರ ಹೆಸರು ಕೊರೆದವರು ಅವರೇ. ಸ್ವಂತ ಮಗಳಿಗೆ ಮಾತ್ರ ಒಂದು ಲೋಟವನ್ನೂ ಕೊಡಲಿಲ್ಲ, ಹಬ್ಬಕ್ಕೆ ಕರೆಯಲೂ ಇಲ್ಲ. ಎಂಥ ಹಟವಪ್ಪಾ! ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು.

ಹೋದ ದಸರೆಯ ಹೊತ್ತಿಗೆ ಈಶ್ವರಿ ತಾನಾಗಿಯೇ ಅಂಗಡಿಗೆ ಬಂದಳು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಹೊಸ ಮನಿ ಕಟ್ಟೀವಿ. ಪಡಸಾಲ್ಯಾಗ ಗೋಡಿಗಿ ಹಚ್ಚಲಿಕ್ಕ ಒಂದ ತಾಮ್ರದ್ದು ಕೊಡ್ರಿ ಅಪ್ಪಾ. ಅಡಗಿ ಮಾಡಂಗಿಲ್ಲ, ಬೆಳಗಂಗಿಲ್ಲ," ಎಂದಳು.

ಇಲ್ಲವೆಂದರೆ ಮತ್ತೆ ಈ ಮೆಟ್ಟಿಲು ಹತ್ತುವವಳಲ್ಲ ಎಂಬುದು ಅವಳು ನಿಂತ ರೀತಿಯಲ್ಲೇ ಕಾಣುತ್ತಿತ್ತು. ಹಾವಗೆಪ್ಪನವರು ಬಹಳ ಹೊತ್ತು ಗೋಡೆ ನೋಡಿದರು. ಆಮೇಲೆ ಎಲ್ಲಕ್ಕಿಂತ ದೊಡ್ಡದನ್ನೇ ಇಳಿಸಿ, ಧೂಳು ಒರೆಸಲು ಒಳಗೆ ಒಯ್ದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಗರ್ರೆಂದು ಸದ್ದು. ನಾವಿಬ್ಬರೂ ಓಡಿಹೋಗಿ ನೋಡಿದರೆ, ಮುದುಕ ಮಶೀನು ಹಿಡಿದು ಬೆವೆತು ಕೂತಿದ್ದಾರೆ. ಪಾತ್ರೆಯ ಅಂಚಿನಲ್ಲಿ, ಸುತ್ತಿಗೆಯ ಗುಳಿಗಳನ್ನು ಸೀಳಿಕೊಂಡು, ಹೊಸ ಅಕ್ಷರಗಳು ಹೊಳೆಯುತ್ತಿದ್ದವು: ಚಿ.ಸೌ. ಈಶ್ವರಿಗೆ ತವರಿನಿಂದ.

"ತಪ್ಪಾತು ಮಗಳ," ಎಂದರು. "ಹೆಣ್ಮಗಳಿಗಿ ಕೊಡೋ ಭಾಂಡಿ ಅಂತ ಹಿಡದೆ, ಕೈಗಿ ರೂಢಿ ಬಿದ್ದದ, ಹೆಸರು ಹಾಕಿಬಿಟ್ಟೆ. ತಾಮ್ರ ಕೆಟ್ಟೋತು. ಬ್ಯಾರೇದು ಕೊಡ್ತೇನಿ, ತಡಿ."

ಈಶ್ವರಿ ಆ ಪಾತ್ರೆಯನ್ನು ಎತ್ತಿ ಎದೆಗವಚಿಕೊಂಡಳು. "ನನಗ ಇದೇ ಬೇಕ್ರಿ ಅಪ್ಪಾ," ಎಂದು ಅಂಗಡಿಯಲ್ಲಿ ಗಿರಾಕಿಗಳಿರುವುದನ್ನೂ ಮರೆತು ಅತ್ತಳು.

ಇಂಥ ಅಪ್ಪಂದಿರು ನಮ್ಮಲ್ಲಿ ಬಹಳ. ಊರವರ ಮಕ್ಕಳಿಗೆಲ್ಲ ಮಂಗಳದ ಮಾತು ಬರೆದುಕೊಟ್ಟು, ತಮ್ಮ ಮಕ್ಕಳ ಸರದಿ ಬಂದಾಗ ಬಿಗಿದುಕೊಂಡು ಕೂರುವವರು. ಅವರ ಬಾಯಿಂದ 'ತಪ್ಪಾಯಿತು' ಎಂಬ ಮಾತು ಸುಲಭಕ್ಕೆ ಬರುವುದಿಲ್ಲ. ಬಂದಾಗಲೂ ಅದು ತಾಮ್ರ ಕೆಟ್ಟಿತೆಂಬ ನೆಪದಲ್ಲೇ ಬರುತ್ತದೆ. ಮಕ್ಕಳು ಅದನ್ನು ತಮಗೇ ಹೇಳಿದ್ದೆಂದು ತೆಗೆದುಕೊಳ್ಳಬೇಕು.