ಭಾನುವಾರದ ಬ್ರನ್ನರ್

ಭಾನುವಾರದ ದಿನ ಲೈಲ್ ಬ್ರನ್ನರ್ ಬೂಟು ಕಳಚಿಟ್ಟು ಸ್ಟುಡಿಯೋದೊಳಗೆ ಬರುತ್ತಿದ್ದರು. ಚರ್ಚಿನೊಳಕ್ಕೂ ಬೂಟು ಹಾಕಿಕೊಂಡೇ ಹೋಗುವ ನಮ್ಮ ಟೊಲೀಡೊ ಜನರ ನಡುವೆ ಇದೊಂದು ವಿಚಿತ್ರ ನಡವಳಿಕೆ. ಬಾಗಿಲ ಪಕ್ಕದಲ್ಲಿ ಬೂಟುಗಳೆರಡನ್ನೂ ಗೋಡೆಗೆ ಮುಖಮಾಡಿ ನಿಲ್ಲಿಸಿ, ಬೂದುಬಣ್ಣದ ಉಣ್ಣೆಯ ಕಾಲುಚೀಲದಲ್ಲಿ, ಯಾರದೋ ನಿದ್ದೆಗೆ ಭಂಗ ತರಬಾರದೆಂಬ ಎಚ್ಚರದಿಂದ, ಗೋಡೆಯ ಮಗ್ಗುಲಿಗೇ ಸರಿದು ನಡೆದು ಬರುತ್ತಿದ್ದ ಆ ಆರಡಿ ಮೂರಂಗುಲದ ಮನುಷ್ಯ, ಸೋಮವಾರದಿಂದ ಶುಕ್ರವಾರದವರೆಗೆ ಅದೇ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ನುಗ್ಗಿದವರೇ ಎಂದರೆ ಹೊಸಬರು ನಂಬುತ್ತಿರಲಿಲ್ಲ.

ವಾರದ ದಿನಗಳ ಬ್ರನ್ನರ್ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಮಧ್ಯಾಹ್ನ ಮೂರರಿಂದ ಆರರವರೆಗೆ, ಜನ ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಮರಳುವ ಹೊತ್ತಿನಲ್ಲಿ, ಅವರು ರೇಡಿಯೋದಲ್ಲಿ ರಾಜಕೀಯವನ್ನು ಝಾಡಿಸುತ್ತಿದ್ದರು. ಮೇಯರ್, ಗವರ್ನರ್, ಎರಡೂ ಪಕ್ಷದ ಸೆನೆಟರುಗಳು, ಶಾಲಾ ಮಂಡಳಿ, ರಸ್ತೆಯ ಹಿಮ ತೆಗೆಯದ ಇಲಾಖೆ, ಯಾರೂ ಅವರ ಬಾಯಿಂದ ಪಾರಾದವರಲ್ಲ. ಊರಿನ ಅರ್ಧದಷ್ಟು ಜನ ಅವರನ್ನು ಕೊಂಡಾಡುತ್ತಿದ್ದರು, ಉಳಿದರ್ಧ ಶಪಿಸುತ್ತಿದ್ದರು. ರೇಡಿಯೋ ಆರಿಸುತ್ತಿದ್ದವರು ಮಾತ್ರ ಎರಡೂ ಕಡೆ ಯಾರೂ ಇರಲಿಲ್ಲ. ಫೋನು ಮಾಡಿದವರ ಮಾತು ಅವರಿಗೆ ಹಿಡಿಸದಿದ್ದರೆ, ವಾಕ್ಯದ ಕ್ರಿಯಾಪದ ಬರುವ ಮೊದಲೇ ಗುಂಡಿ ಒತ್ತಿ, "ಮುಂದಿನವರು" ಎನ್ನುತ್ತಿದ್ದರು. ಆ ಒಂದು ಪದವನ್ನು ಅವರು ಉಚ್ಚರಿಸುತ್ತಿದ್ದ ಬಗೆಯನ್ನು ಶಾಲೆಯ ಅಂಗಳದಲ್ಲಿ, ಸಾರಾಯಿ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಜನ ಅಣಕಿಸುತ್ತಿದ್ದರು.

ನಾನು ಆ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಎಂಜಿನಿಯರನಾಗಿದ್ದೆ. ಗಾಜಿನ ಈಚೆ ನಾನು, ಆಚೆ ಅವರು. ಹೆಂಡತಿಯ ಮುಖಕ್ಕಿಂತ ಆ ಮುಖವನ್ನೇ ಹೆಚ್ಚು ಹೊತ್ತು ನೋಡಿದ್ದೇನೆಂದು ನನ್ನ ಮನೆಯಲ್ಲಿ ದೂರಿತ್ತು, ಅದು ಸುಳ್ಳೂ ಆಗಿರಲಿಲ್ಲ.

ಅವರಿಗೆ ಮನೆಯಲ್ಲಿ ದೂರುವವರೂ ಇರಲಿಲ್ಲ. ಮದುವೆಯೊಂದು ಆಗಿ ಮುರಿದು ಬಹಳ ಕಾಲವಾಗಿತ್ತು. ಊಟವೆಲ್ಲ ನದಿಯ ದಂಡೆಯ ಡೈನರಿನಲ್ಲಿ, ಕೌಂಟರಿನ ಕೊನೆಯ ಸ್ಟೂಲಿನ ಮೇಲೆ. ಶುಕ್ರವಾರ ಹುರಿದ ವಾಲೈ ಮೀನು, ಉಳಿದ ದಿನ ಬಟಾಣಿ ಸೂಪು. ಮೊಣಕೈಗಳಲ್ಲಿ ಚರ್ಮದ ತೇಪೆ ಹಾಕಿದ್ದ ಕಂದು ಕಾರ್ಡುರಾಯ್ ಕೋಟು ಹದಿನೆಂಟು ಚಳಿಗಾಲ ಕಂಡಿತ್ತು. ಆ ಡೈನರಿನ ಡಾಟ್ ಎಂಬ ಹೆಂಗಸು ಅವರಿಗೆ ತಟ್ಟೆ ಇಡುತ್ತ ಕೆಣಕುವಳು.

"ಇವತ್ತು ಮೂರು ಗಂಟೆ ಊರಿನವರ ತಲೆ ತಿಂದಿದ್ದೀರಿ ಲೈಲ್. ಹೊಟ್ಟೇಲಿ ಸೂಪಿಗೆ ಜಾಗ ಇದೆಯೋ ಇಲ್ಲವೋ?"

"ಮೇಯರ್ ತಲೇಲಿ ಏನೂ ಇರಲಿಲ್ಲ ಡಾಟ್. ಹಸಿವು ಹಾಗೇ ಇದೆ."

ಇದನ್ನು ಅವರು ರೇಡಿಯೋದ ಕೂಗುದನಿಯಲ್ಲೇ ಹೇಳಬೇಕಾಗುತ್ತಿತ್ತು. ಅಕ್ಕಪಕ್ಕದ ಸ್ಟೂಲುಗಳವರು ಅದಕ್ಕೆಂದೇ ಕಿವಿ ತೆರೆದು ಕೂತಿರುತ್ತಿದ್ದರು. ಮೆಲ್ಲನೆ ಮಾತನಾಡಿದರೆ ಮೋಸಹೋದವರಂತೆ ಮುಖ ಸಣ್ಣಗೆ ಮಾಡಿಕೊಳ್ಳುವರು. ಎಲ್ಲರೂ ನಕ್ಕಾದ ಮೇಲೆ ಅವರು ಸೂಪಿನ ಕಡೆ ತಿರುಗುವರು, ಆಮೇಲೆ ಅವರ ಜತೆ ಯಾರೂ ಮಾತನಾಡುತ್ತಿರಲಿಲ್ಲ.

ಅವರ ನಿಜವಾದ ದನಿ ಭಾನುವಾರದ್ದು. ಯೌವನದಲ್ಲಿ ಅವರು ನಮ್ಮ ಕೇಂದ್ರಕ್ಕೆ ಸೇರಿದ್ದೇ ಶಾಸ್ತ್ರೀಯ ಸಂಗೀತದ ನಿರೂಪಕರಾಗಿ. ಆಮೇಲೆ ಮಾಲೀಕರು ಬದಲಾಗಿ, ಪಿಟೀಲು ಪಿಯಾನೋಗಳೆಲ್ಲ ಮೂಲೆಗೆ ಬಿದ್ದು, ದಿನವಿಡೀ ರಾಜಕೀಯದ ಜಗಳವೇ ಆದಾಗ, ಜಗಳವಾಡಲು ಒಪ್ಪಿಕೊಂಡ ಅವರು ಹಾಕಿದ ಷರತ್ತು ಒಂದೇ: ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ತಮಗೆ ಬಿಡಬೇಕು. ಮಾಲೀಕರೂ ಒಂದು ಷರತ್ತು ಹಾಕಿದರು. ಅಲ್ಲಿ ಹೆಸರು ಹೇಳಕೂಡದು. ಕೂಗುವ ಬ್ರನ್ನರ್ ಪಿಯಾನೋ ಕೇಳಿ ಕಣ್ಣೊರೆಸಿಕೊಳ್ಳುತ್ತಾನೆಂದು ತಿಳಿದರೆ ವ್ಯಾಪಾರ ಕೆಡುತ್ತದೆ. ಹೀಗಾಗಿ ಆ ಒಂದು ಗಂಟೆ, ಹೆಸರಿಲ್ಲದ, ಗಂಟಲನ್ನು ಅರ್ಧಕ್ಕಿಳಿಸಿದ, ಎರಡು ಮಾತಿನ ನಡುವೆ ಯೋಚಿಸಲು ನಿಲ್ಲುವ ಒಬ್ಬ ಸಂಕೋಚದ ಮನುಷ್ಯ, ಹಳೆಯ ಸಂಗೀತ ಕಚೇರಿಗಳ ಧ್ವನಿಮುದ್ರಣಗಳನ್ನು ಹಾಕುತ್ತಿದ್ದ. ಸ್ಟುಡಿಯೋದಲ್ಲಿ ತಿದ್ದಿ ತೀಡಿದ ಗಾನತಟ್ಟೆಗಳು ಆತನಿಗೆ ಸೇರುತ್ತಿರಲಿಲ್ಲ. ಕುರ್ಚಿ ಕಿರುಗುಟ್ಟಬೇಕು, ಯಾರದೋ ಕೈಯಿಂದ ಕಾರ್ಯಕ್ರಮದ ಹಾಳೆ ಜಾರಿಬೀಳಬೇಕು, ಜನರ ಮುಂದೆ ಜೀವವಿರುವವರು ನುಡಿಸಿದ್ದಾಗಿರಬೇಕು.

ಕೇಳುತ್ತಿದ್ದವರೆಷ್ಟೋ ತಿಳಿಯದು. ಫೋನು ಮಾಡುತ್ತಿದ್ದವರು ಮಾತ್ರ ಒಬ್ಬರೇ, ಮಿಸೆಸ್ ಆರ್ಡಿತ್ ಸೋಬೆಕ್. ಲಗ್ರೇಂಜ್ ಬೀದಿಯ ಪೋಲಿಷ್ ಕೇರಿಯವರು, ನಿವೃತ್ತ ಉಪಾಧ್ಯಾಯಿನಿ. ಗಂಡ ಕ್ಯಾಸ್ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ತೀರಿಕೊಂಡಿದ್ದರು. ಎಂಟು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಸ್ಟುಡಿಯೋದ ಫೋನಿನ ದೀಪ ಮಿನುಗುವುದು. ಬ್ರನ್ನರ್ ಅದನ್ನು ಸ್ಪೀಕರಿಗೆ ಹಾಕಿ, ತಟ್ಟೆಗಳನ್ನು ಲಕೋಟೆಗೆ ಸೇರಿಸುತ್ತ, ಅರ್ಧಗಂಟೆ ಮಾತನಾಡುವರು. ಆ ನಿಧಾನವಾದ ಹೆಂಗಸು ಒಂದು ವಾಕ್ಯಕ್ಕೆ ಮೂರು ಸಲ ನಿಂತರೂ ಅವರು ನಡುವೆ ಬಾಯಿ ಹಾಕುತ್ತಿರಲಿಲ್ಲ. ವಾರವೆಲ್ಲ ಕತ್ತರಿಸಿದವರಿಗೆ ಕೊಡಬೇಕಾದ ಕಾಲವನ್ನೆಲ್ಲ ಆಕೆಯೊಬ್ಬರಿಗೇ ಕೊಡುತ್ತಿದ್ದಾರೇನೋ ಎಂದು ನನಗನ್ನಿಸುತ್ತಿತ್ತು.

ಒಂದು ಭಾನುವಾರ ಆಕೆ ಹೇಳಿದರು: "ನಿಮ್ಮದೇ ರೇಡಿಯೋದಲ್ಲಿ ಮಧ್ಯಾಹ್ನ ಒಬ್ಬ ಕೂಗ್ತಾನಲ್ಲ, ಅವನಿಗೆ ಒಂದ್ಸಲ ಫೋನ್ ಮಾಡಿದ್ದೆ. ನಮ್ಮ ಕೇರಿ ಲೈಬ್ರರಿ ಮುಚ್ತಾರೆ ಅಂದಿದ್ರು. ಬರ್ಕೊಂಡು, ನಾಲ್ಕು ಸಲ ಓದ್ಕೊಂಡು ಮಾಡಿದ್ದೆ. ಎರಡು ಮಾತು ಆಡಿರಲಿಲ್ಲ, 'ಮುಂದಿನವರು' ಅಂದ. ಮೂವತ್ತೆರಡು ವರ್ಷ ಪಾಠ ಹೇಳಿದೀನಿ. ಕೈ ಎತ್ತಿದ ಮಗೂನ ಒಂದು ದಿನಾನೂ ಹಾಗೆ ಕೂರಿಸಿಲ್ಲ."

ಬ್ರನ್ನರ್ ಕೈಯಲ್ಲಿದ್ದ ತಟ್ಟೆಯನ್ನು ಲಕೋಟೆಗೆ ಹಾಕಲಿಲ್ಲ.

"ಅವನ ಮಾತು ಬಿಡಿ ಮಿಸೆಸ್ ಸೋಬೆಕ್."

"ನಿಮಗೆ ಅವನ ಪರಿಚಯ ಇದೆಯಾ?"

"ಇದೆ. ಅಷ್ಟಕ್ಕಷ್ಟೆ."

ಫೋನು ಮುಗಿದ ಮೇಲೆ ನಾನು ಒಳಗೆ ಹೋಗಿ, ಹೇಳಿಬಿಡಿ, ಇವತ್ತಲ್ಲ ನಾಳೆ ತಿಳಿಯುವುದೇ ಎಂದೆ. ಅವರು ಬೂಟು ಹಾಕಿಕೊಳ್ಳುತ್ತ ಅಂದರು: "ಹೇಳಿದ್ರೆ ಭಾನುವಾರ ಹೋಗತ್ತೆ ಗ್ಲೆನ್. ನನಗೆ ವಾರದಲ್ಲಿ ಇರೋದು ಅದೊಂದೇ ದಿನ ಕಣಯ್ಯ."

ಪ್ರತಿವರ್ಷ ಫೆಬ್ರವರಿಯ ಎರಡನೆಯ ಭಾನುವಾರ ಮಿಸೆಸ್ ಸೋಬೆಕ್ ಒಂದೇ ಒಂದು ಧ್ವನಿಮುದ್ರಣವನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಇರ್ಮಾ ವಾಲೆಂತಾ ಎಂಬ ವೃದ್ಧೆ ನಮ್ಮ ಊರಿನಲ್ಲೇ, ಹಿಮಪಾತಕ್ಕೆ ರಸ್ತೆಗಳೆಲ್ಲ ಮುಚ್ಚಿದ ದಿನ, ಸಾವಿರ ಕುರ್ಚಿಗಳ ಸಭಾಂಗಣದಲ್ಲಿ ನಲವತ್ತು ಜನರ ಮುಂದೆ ಪಿಯಾನೋ ನುಡಿಸಿದ್ದು. ನಡೆದೇ ಬಂದಿದ್ದ ಆ ನಲವತ್ತರಲ್ಲಿ ಸೋಬೆಕ್ ದಂಪತಿಗಳೂ ಇದ್ದರು. ಕೊನೆಯ ಸ್ವರ ಆರಿದ ಮೇಲೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ; ಮೂವತ್ತೊಂದು ಸೆಕೆಂಡು ಸಭೆ ಸುಮ್ಮನೆ ಕೂತಿರುತ್ತದೆ. ಅದು ಕ್ಯಾಸ್ ತೀರಿಕೊಂಡ ವಾರ. ಆ ಮೌನವನ್ನು ಒಂದು ಸೆಕೆಂಡೂ ಕಡಿಮೆಯಾಗದಂತೆ ಬಿತ್ತರಿಸುವುದು ಬ್ರನ್ನರ್ ಅವರ ಹಟ. ಆ ಹೊತ್ತಿನಲ್ಲಿ ಅವರು ಗಂಟಲಿನ ಮಾತ್ರೆಯ ಕಾಗದವನ್ನೂ ಬಿಚ್ಚುತ್ತಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯ ಹೇಳಬೇಕು. ಅವರಿಗೆ ಅರವತ್ತು ತುಂಬಿದ ವರ್ಷ, ಉಡುಗೊರೆ ಕೊಡಬೇಕೆಂದು, ನಾನು ಆ ಧ್ವನಿಮುದ್ರಣವನ್ನು ಶುದ್ಧಮಾಡಿದೆ. ಎರಡು ತಿಂಗಳು, ಒಂದೊಂದು ಗೀರನ್ನು, ಒಂದೊಂದು ಕಿರುಗುಟ್ಟುವಿಕೆಯನ್ನು, ಹಿನ್ನೆಲೆಯ ಸುಯ್ಲನ್ನು ಕಂಪ್ಯೂಟರಿನಲ್ಲಿ ಹೆಕ್ಕಿ ತೆಗೆದೆ. ಆ ಕೊನೆಯ ಮೌನದ ನಡುವೆ, ಹದಿನಾಲ್ಕನೆಯ ಸೆಕೆಂಡಿಗೆ, ಒಬ್ಬ ಗಂಡಸು ಕೆಮ್ಮುತ್ತಿದ್ದ. ಅದನ್ನೂ ತೆಗೆದೆ. ಎಂಥ ನಾಜೂಕಿನ ಕೆಲಸವೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಹೇಳದೆ ಕೇಳದೆ, ಆ ಭಾನುವಾರ ಹಳೆಯದರ ಜಾಗದಲ್ಲಿ ಹೊಸದನ್ನಿಟ್ಟೆ.

ರೇಡಿಯೋದವರು ಜಗತ್ತಿನಲ್ಲಿ ಹೆದರುವುದು ಮೌನವೊಂದಕ್ಕೇ. ಎಲ್ಲ ಕೇಂದ್ರಗಳಲ್ಲೂ ಅದಕ್ಕೊಂದು ಕಾವಲು ಯಂತ್ರವಿರುತ್ತದೆ. ನಮ್ಮದು ಇಪ್ಪತ್ತು ಸೆಕೆಂಡು ಸದ್ದಿಲ್ಲದಿದ್ದರೆ, ಏನೋ ಕೆಟ್ಟಿದೆಯೆಂದು ತಿಳಿದು, ತಾನಾಗಿಯೇ ಕಾದಿರಿಸಿದ ಬೇರೆ ಕಾರ್ಯಕ್ರಮವನ್ನು ಹಾಕುತ್ತಿತ್ತು. ಮತ್ತೆ ಸದ್ದು ಕೇಳಿದರೆ ಸ್ಟುಡಿಯೋಗೆ ಮರಳುತ್ತಿತ್ತು. ಇಷ್ಟು ವರ್ಷ ಮೂವತ್ತೊಂದು ಸೆಕೆಂಡಿನ ಮೌನವನ್ನು ಅದು ಹೇಗೆ ಸಹಿಸಿತ್ತೆಂದು ನಾವಿಬ್ಬರೂ ಯೋಚಿಸಿರಲೇ ಇಲ್ಲ. ಆ ಕೆಮ್ಮು ನಡುವೆ ಬಂದು ಯಂತ್ರದ ಎಣಿಕೆಯನ್ನು ಮೊದಲಿಗೆ ತರುತ್ತಿತ್ತು.

ಅಂದು ಕೊನೆಯ ಸ್ವರ ಆರಿತು. ಗಾಜಿನಾಚೆಯಿಂದ ಬ್ರನ್ನರ್ ಹುಬ್ಬೇರಿಸಿ ನನ್ನತ್ತ ನೋಡಿದರು, ಮೆಚ್ಚಿದರೆಂದು ನಾನು ತಿಳಿದೆ. ಇಪ್ಪತ್ತನೆಯ ಸೆಕೆಂಡಿಗೆ ಆ ಪವಿತ್ರ ನಿಶ್ಶಬ್ದದೊಳಕ್ಕೆ ಕಾದಿರಿಸಿದ ಕಾರ್ಯಕ್ರಮ ನುಗ್ಗಿತು. ಅದು ವಾರದ ದಿನಗಳ ಬ್ರನ್ನರ್ ಅವರ ಆಯ್ದ ಜಗಳಗಳ ಸಂಗ್ರಹ. ಯಾರನ್ನೋ ಹರಾಜು ಹಾಕುತ್ತಿದ್ದ ಆ ದನಿ "ಮುಂದಿನವರು" ಎಂದು ಗರ್ಜಿಸಿತು. ಕ್ಷಮೆ ಕೇಳಲೆಂದು ಮೈಕು ತೆರೆದ ಬ್ರನ್ನರ್ ಗಾಬರಿಯಲ್ಲಿ ನನಗೆ ಕೂಗಿದರು: "ಗ್ಲೆನ್, ಅಲ್ಲೇನು ಕತ್ತೆ ಕಾಯ್ತಿದ್ದೀಯೇನೋ, ನಿಲ್ಸೋ ಅವನನ್ನ." ಅಷ್ಟರಲ್ಲಿ ಮೂವತ್ತೊಂದು ಸೆಕೆಂಡು ಮುಗಿದು ಚಪ್ಪಾಳೆ ಶುರುವಾಗಿ, ಯಂತ್ರ ತೃಪ್ತಿಪಟ್ಟು ಸ್ಟುಡಿಯೋಗೆ ಮರಳಿತ್ತು, ಆ ಕೂಗೂ ಬಿತ್ತರವಾಯಿತು. ಊರು ಕೇಳಿದ್ದು ಎರಡು ಕಡೆಯಿಂದಲೂ ಒಂದೇ ಗಂಟಲು. ಅದರ ಬೆನ್ನಿಗೇ ಭಾನುವಾರದ ಮೆಲುದನಿ "ಕ್ಷಮಿಸಿ" ಎಂದಿತು.

ಎಂಟೂ ಹತ್ತಕ್ಕೆ ದೀಪ ಮಿನುಗಿತು.

"ಹದಿನಾಲ್ಕನೇ ಸೆಕೆಂಡಿಗೆ ಒಂದು ಕೆಮ್ಮು ಇರ್ತಿತ್ತು," ಎಂದರು ಮಿಸೆಸ್ ಸೋಬೆಕ್. "ಅದು ಕ್ಯಾಸ್‌ದು. ಯಾರಿಗೂ ಹೇಳಿರಲಿಲ್ಲ ನಾನು. ಅವರ ದನಿ ಅಂತ ನನ್ನ ಹತ್ರ ಇರೋದು ಅದೊಂದೇ. ಎಲ್ಲಿ ಹೋಯ್ತು?"

ನಾನು ಗಾಜಿನೀಚೆ ನಿಂತು ತಲೆ ತಗ್ಗಿಸಿದೆ. ಬ್ರನ್ನರ್ ನನ್ನನ್ನು ನೋಡಿದರು, ಅರ್ಥಮಾಡಿಕೊಂಡರು.

"ನನ್ನ ತಪ್ಪು. ಮುಂದಿನ ವಾರ ಅದನ್ನ ವಾಪಸ್ ತರ್ತೀನಿ."

"ಆ ಕೂಗೋರೂ ನೀವೇ ಅಲ್ವಾ?"

"ನಾನೇ."

"ಲೈಬ್ರರಿ ವಿಚಾರ ಹೇಳೋಕ್ಕೆ ಫೋನ್ ಮಾಡಿದಾಗ ಇದ್ದೋರು?"

"ಅದೂ ನಾನೇ. ಮಿಸೆಸ್ ಸೋಬೆಕ್, ಆವತ್ತು ನೀವು ಬರ್ಕೊಂಡಿದ್ದು ಏನಿತ್ತೋ, ಅದನ್ನ ಈಗ—"

"ಮುಂದಿನವರು," ಎಂದರು ಆಕೆ. ಸಿಟ್ಟಿರಲಿಲ್ಲ, ಹಾಜರಿ ಕರೆಯುವ ಉಪಾಧ್ಯಾಯಿನಿಯ ಸಮದನಿ. ಫೋನಿನ ದೀಪ ಆರಿತು.

ಮುಂದಿನ ಭಾನುವಾರ ಹಳೆಯ ಮುದ್ರಣವನ್ನೇ ಹಾಕಿದರು. ಕ್ಯಾಸ್ ಸೋಬೆಕ್ ಹದಿನಾಲ್ಕನೆಯ ಸೆಕೆಂಡಿಗೆ ಕೆಮ್ಮಿದರು, ಯಂತ್ರ ತೆಪ್ಪಗಿತ್ತು. ಬ್ರನ್ನರ್ ಕಾಲುಚೀಲದಲ್ಲೇ ಹತ್ತೂವರೆಯವರೆಗೆ ಫೋನಿನ ಮುಂದೆ ಕೂತಿದ್ದರು. ಆಮೇಲೆ ಎಷ್ಟೋ ಭಾನುವಾರ ಹಾಗೆಯೇ ಕೂತರು. ನನ್ನನ್ನು ಅವರು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನ್ನೆದೆ ಸ್ವಲ್ಪ ಹಗುರಾಗುತ್ತಿತ್ತು.

ವಾರದ ದಿನಗಳಲ್ಲಿ ಅವರು ಆ ಪದವನ್ನು ಮತ್ತೆ ಬಳಸಲಿಲ್ಲ. ಜನ ಕೊನೆಯಿಲ್ಲದೆ ಮಾತನಾಡಿದರು, ಬ್ರನ್ನರಿಗೆ ವಯಸ್ಸಾಯಿತೆಂದು ಡೈನರಿನಲ್ಲಿ ಮಾತಾಯಿತು, ಡಾಟ್ ಕೂಡ ಕೆಣಕುವುದನ್ನು ಬಿಟ್ಟಳು. ಏಪ್ರಿಲಿನ ಒಂದು ಮಂಗಳವಾರ ಅವರು ಲಗ್ರೇಂಜ್ ಬೀದಿಯ ಲೈಬ್ರರಿಯ ವಿಚಾರವನ್ನೆತ್ತಿಕೊಂಡರು. ಎಂದೋ ಮುಚ್ಚಿ, ಟೈರಿನ ಅಂಗಡಿಯಾಗಿದ್ದ ಲೈಬ್ರರಿ ಅದು. ಫೋನು ಮಾಡಿದವರಿಗೆಲ್ಲ ಮಾತು ಮುಗಿಸಲು ಬಿಟ್ಟರು. ಐದೂಮುಕ್ಕಾಲಿಗೆ ಭಾನುವಾರದ ದನಿಯಲ್ಲಿ ಹೇಳಿದರು: "ಈ ವಿಚಾರದಲ್ಲಿ ಮಾತು ಮುಗಿಸದೇ ಇರೋರು ಒಬ್ಬರಿದ್ದಾರೆ. ಅರ್ಧದಲ್ಲಿ ನಿಲ್ಲಿಸಿದವನು ನಾನು. ಉಳಿದೋರು ದಯವಿಟ್ಟು ಫೋನ್ ಇಡಿ, ಲೈನು ಖಾಲಿ ಇರಲಿ."

ಆರು ದೀಪಗಳು ಒಂದೊಂದಾಗಿ ಆರಿದವು. ನಾನು ಎದ್ದು ಹೋಗಿ ಕಾವಲು ಯಂತ್ರವನ್ನು ಆರಿಸಿದೆ. ಹದಿನಾಲ್ಕು ಸೆಕೆಂಡಾಯಿತು, ಇಪ್ಪತ್ತಾಯಿತು, ಮೂವತ್ತೊಂದಾಯಿತು. ಕಾರುಗಳಲ್ಲಿ ಮನೆಗೆ ಹೋಗುತ್ತಿದ್ದ ಸಾವಿರಾರು ಜನರಿಗೆ ಲೈಲ್ ಬ್ರನ್ನರ್ ಅಂದು ಒಂದು ನಿಮಿಷ ಎಂಟು ಸೆಕೆಂಡಿನ ಮೌನವನ್ನು ಕೇಳಿಸಿದರು. ಯಾವ ದೀಪವೂ ಹತ್ತಲಿಲ್ಲ. ಆಕೆ ರೇಡಿಯೋದ ಮುಂದೆ ಇದ್ದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಇಂಥವರನ್ನು ಈ ಕಸುಬಿನಲ್ಲಿ ಇನ್ನೂ ಕೆಲವರನ್ನು ಕಂಡಿದ್ದೇನೆ. ಊರಿಗೆಲ್ಲ ಕೇಳುವಂತೆ ಮಾತನಾಡಿ ಬದುಕುವವರು, ಒಬ್ಬರಿಗಷ್ಟೇ ಕೇಳುವ ಒಂದು ಮೆಲುದನಿಯನ್ನು ಎಲ್ಲೋ ಒಳಗೆ ಜೋಪಾನವಾಗಿ ಉಳಿಸಿಕೊಂಡಿರುತ್ತಾರೆ. ಯಾರಿಗಾಗಿ ಉಳಿಸಿಕೊಂಡರೋ ಅವರನ್ನೇ, ಎಂದೋ ಒಂದು ವಾರದ ದಿನ, ಹೆಸರನ್ನೂ ಕೇಳದೆ ಮಾತು ಕತ್ತರಿಸಿ ಕಳಿಸಿರುತ್ತಾರೆ.